ಅಕ್ಕನ ಫೋನಿನ ಊರು

ಬಸ್ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ಅವನನ್ನು ಎಲ್ಲರೂ ಕಾಲಜ್ಞಾನಿ ಎಂದು ಕರೆಯುತ್ತಿದ್ದರು. ಆ ಬೆಳಿಗ್ಗೆ ಮೇಲಧಿಕಾರಿ ಎಲ್ಲರೆದುರು ಅವನ ಬೆನ್ನು ತಟ್ಟಿ, ‘ಏನ್ ಕಾಲಜ್ಞಾನಿಗಳೇ, ಸರ್ಕಾರ ಗಡಿಯಾರದ ಕಿವಿ ಹಿಂಡಿ ಇಷ್ಟು ದಿನ ಆಯ್ತು, ಒಂದೇ ಒಂದು ದೂರು ಬಂದಿಲ್ಲ. ಮೇಲಿನವರಿಗೆ ಬರೀತಿದೀನಿ, ನಿಮ್ಮ ಹೆಸರು ಹಾಕೇ ಬರೀತೀನಿ,’ ಎಂದಾಗ ಅವನು ನಕ್ಕ. ನಗು ಮುಖದ ಅರ್ಧಕ್ಕೇ ನಿಂತುಬಿಟ್ಟಿತು. ಹೊಗಳಿಕೆ ಎದುರಿಗೆ ಬಂದು ನಿಂತರೆ ಅದಕ್ಕೆ ಕುರ್ಚಿ ಹಾಕಬೇಕೋ ಬಾಗಿಲು ಹಾಕಬೇಕೋ ಅವನಿಗೆ ಯಾವತ್ತೂ ತಿಳಿದದ್ದಿಲ್ಲ. ಅದೂ ಅಲ್ಲದೆ ಸ್ವಲ್ಪ ಹೊತ್ತಿನಲ್ಲಿ ಅವನು ಅರ್ಧ ದಿನದ ರಜೆ ಹಾಕಿ ಹೊರಡಬೇಕಿತ್ತು. ಹಲ್ಲುನೋವು ಎಂದು ಸುಳ್ಳು ಹೇಳಿದ್ದ. ‘ಹೋಗಿ ಬನ್ನಿ, ಹಲ್ಲಿನ ಡಾಕ್ಟರಿಗೂ ಸ್ವಲ್ಪ ಟೈಮು ಹೇಳ್ಕೊಟ್ ಬನ್ನಿ,’ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಅಕ್ಕನನ್ನು ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ ಎಂದಿದ್ದರೆ ಯಾರೂ ನಗುತ್ತಿರಲಿಲ್ಲ, ಬದಲಿಗೆ ತಲೆಗೊಂದು ಸಲಹೆ ಕೊಡುತ್ತಿದ್ದರು. ಆದರೂ ಹೇಳಲಾಗಿರಲಿಲ್ಲ. ಅಕ್ಕನ ಬುದ್ಧಿ ಮಂಕಾಗುತ್ತಿರುವುದು ತನ್ನ ಮರ್ಯಾದೆಯ ಪ್ರಶ್ನೆ ಎಂಬಂತೆ ಮುಚ್ಚಿಡುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದ ಮೇಲೂ, ದವಡೆಯ ಮೇಲೊಂದು ಕೈ ಇಟ್ಟುಕೊಂಡೇ ಕೋಣೆಯಿಂದ ಹೊರಬಿದ್ದ.

ಅವನ ಕೆಲಸವನ್ನು ಮನೆಯಲ್ಲಿ ಯಾರಿಗೂ ಸರಿಯಾಗಿ ವಿವರಿಸಲು ಅವನಿಗೆ ಆಗಿರಲಿಲ್ಲ. ಯಂತ್ರಗಳಿಗೆ ಸೂರ್ಯ ಗೊತ್ತಿಲ್ಲ. ಅವಕ್ಕೆ ಗೊತ್ತಿರುವುದು ಊರು ಮಾತ್ರ. ನೀನು ಇಂಥ ಊರಿನಲ್ಲಿದ್ದೀಯ ಎಂದು ಹೇಳಿದರೆ ಆ ಊರಿನ ಕಾನೂನು ನೋಡಿಕೊಂಡು ಗಂಟೆ ಹೇಳುತ್ತವೆ. ಅವನಿದ್ದ ದೇಶವೂ ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲೊಂದು. ಬೇಸಿಗೆ ಹತ್ತಿರ ಬಂದಾಗ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಬೇಕೋ ಬೇಡವೋ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ಎಳೆಯಬೇಕೋ ಬೇಡವೋ, ಎಲ್ಲ ಆ ಕಾನೂನಿನಲ್ಲಿರುತ್ತದೆ. ಸೂರ್ಯ ಹೇಳಿದ ಮಾತಿಗೆ ತಪ್ಪುವವನಲ್ಲ. ಮಂತ್ರಿಗಳು ಹಾಗಲ್ಲ. ಈ ವರ್ಷ ಇನ್ನೇನು ಗಡಿಯಾರ ಮುಂದೆ ಹೋಗಬೇಕು ಅನ್ನುವಷ್ಟರಲ್ಲಿ, ಇನ್ನು ಮೇಲೆ ಈ ತಳ್ಳಾಟವೇ ಬೇಡ, ವರ್ಷವಿಡೀ ಒಂದೇ ಸಮಯ ಎಂದು ಸರ್ಕಾರ ಘೋಷಿಸಿಬಿಟ್ಟಿತು. ಜನ, ಒಳ್ಳೆಯದಾಯಿತು, ಒಂದು ಕೆಲಸ ಉಳಿಯಿತು ಅಂದರು. ಯಂತ್ರಗಳಿಗೆ ಯಾರು ಹೇಳಬೇಕು? ಹೇಳದಿದ್ದರೆ ಅವು ಹಳೆಯ ಕಾನೂನಿನ ಪ್ರಕಾರ ತಮ್ಮಷ್ಟಕ್ಕೆ ತಾವೇ ಒಂದು ಗಂಟೆ ಮುಂದೆ ನೆಗೆಯುತ್ತವೆ, ಇಡೀ ಊರಿನ ಬಸ್ಸುಗಳು ಪ್ರಯಾಣಿಕರಿಲ್ಲದೆ ಹೊರಟುಹೋಗುತ್ತವೆ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಹೊಸ ನಿಯಮ ತರಿಸಿ, ಪ್ರತಿಯೊಂದು ನಿಲ್ದಾಣದ ಫಲಕಕ್ಕೂ ಟಿಕೆಟ್ ಯಂತ್ರಕ್ಕೂ ಉಣಿಸಿದ್ದ. ತೀರಾ ಹಳೆಯದಾಗಿ ಹೊಸ ನಿಯಮ ಜೀರ್ಣಿಸಿಕೊಳ್ಳಲಾರದ ಒಂದೆರಡು ಯಂತ್ರಗಳಿಗೆ ಈ ಕಸುಬಿನವರೆಲ್ಲ ಮಾಡುವ ಉಪಾಯ ಮಾಡಿದ್ದ: ಊರನ್ನೇ ಸುಳ್ಳು ಹೇಳುವುದು. ನಮ್ಮಷ್ಟೇ ಗಂಟೆ ಇರುವ, ಯಾವ ಕಾಲಕ್ಕೂ ಕದಲದ, ದೂರದ ಯಾವುದೋ ಊರಿನಲ್ಲಿದ್ದೀಯ ಎಂದು ನಂಬಿಸಿಬಿಡುವುದು. ಪಾಪ, ನಂಬುತ್ತವೆ.

ಅಕ್ಕ ಅವನ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಯ ಮೂಲೆ ಇಟ್ಟುಕೊಂಡು ಒಬ್ಬಳೇ ಇದ್ದಳು. ತಾಯಿ ತೀರಿಕೊಂಡಾಗ ಅವನಿಗೆ ಶೂ ದಾರ ಕಟ್ಟಲು ಬರುತ್ತಿರಲಿಲ್ಲ; ಆಗ ಹದಿನೆಂಟು ತುಂಬದ ಅಕ್ಕ ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದಳು, ಅವನನ್ನು ಓದಿಸಿದಳು, ಮದುವೆಯ ಮಾತು ಬಂದಾಗಲೆಲ್ಲ ‘ಇವನೊಬ್ಬ ದಡ ಮುಟ್ಟಲಿ’ ಎಂದಳು, ಅವನು ದಡ ಮುಟ್ಟುವ ಹೊತ್ತಿಗೆ ಮಾತು ಬರುವುದು ನಿಂತಿತ್ತು. ಪರೀಕ್ಷೆಯ ದಿನಗಳಲ್ಲಿ ಅಲಾರಂ ಇಲ್ಲದೆ ಹೇಳಿದ ಹೊತ್ತಿಗೆ ಎಬ್ಬಿಸುತ್ತಿದ್ದಳು. ‘ನನ್ನ ಹೊಟ್ಟೇಲೇ ಗಡಿಯಾರ ಇದೆ ಕಣೋ, ಕೀಲಿ ಕೊಡೋದೂ ಬೇಡ,’ ಎನ್ನುತ್ತಿದ್ದಳು. ಅವನು ಫೋನ್ ಕೊಡಿಸಿದ ಮೇಲೆ ಹೊಟ್ಟೆಯ ಗಡಿಯಾರಕ್ಕೂ ಕೈಗಡಿಯಾರಕ್ಕೂ ವಿಶ್ರಾಂತಿ ಕೊಟ್ಟಳು. ತಮ್ಮ ಕೊಟ್ಟಿದ್ದು, ತಮ್ಮನ ಕಸುಬೇ ಅದು, ಇನ್ನು ಗೋಡೆಗೊಂದು ಗಡಿಯಾರ ಯಾಕೆ ದಂಡಕ್ಕೆ ಎಂದು ಅದನ್ನೂ ತೆಗೆದು ಯಾರಿಗೋ ಕೊಟ್ಟುಬಿಟ್ಟಳು.

ಅಂಥ ಅಕ್ಕ ಕೆಲವು ವಾರಗಳಿಂದ ಹೊತ್ತುಗೊತ್ತು ತಪ್ಪಿದ್ದಳು. ಇನ್ನೂ ಕತ್ತಲಿರುವಾಗಲೇ ಬಂದು ಬಾಗಿಲು ತಟ್ಟಿದಳು, ‘ಎಲ್ರೂ ಇನ್ನೂ ಮಲಗಿದೀರಲ್ಲ, ಕೆಲಸಕ್ಕೆ ಹೋಗಲ್ವಾ?’ ಎಂದು. ಮಧ್ಯಾಹ್ನ ಅವನ ಮಗಳನ್ನು ಶಾಲೆಯಿಂದ ಕರೆತರುವುದು ಅವಳ ಪಾಲಿನ ಕೆಲಸವಾಗಿತ್ತು. ಗೇಟಿನ ಮುಂದೆ ಬಿಸಿಲಲ್ಲಿ ಹೊತ್ತಿಗೆ ಮುಂಚೆಯೇ ಹೋಗಿ ನಿಂತು, ಮಕ್ಕಳನ್ನು ಯಾಕೆ ಬಿಟ್ಟಿಲ್ಲ ಎಂದು ಕಾವಲುಗಾರನ ಜೊತೆ ಜಗಳ ತೆಗೆದಳು. ಕಾವಲುಗಾರ ಗೋಡೆಯ ಗಡಿಯಾರ ತೋರಿಸಿದ. ಅಕ್ಕ ತನ್ನ ಕೈಲಿದ್ದ ಫೋನ್ ನೋಡಿದಳಂತೆ, ಗೋಡೆ ನೋಡಿದಳಂತೆ, ಆಮೇಲೆ ಕಾಂಪೌಂಡಿನ ನೆರಳಿಗೆ ಹೋಗಿ ಕೂತಳಂತೆ. ಇದನ್ನು ಮಗಳು ಬಂದು ಹೇಳಿದಾಗ ಹೆಂಡತಿ ಆ ಕೆಲಸವನ್ನು ಅಕ್ಕನಿಂದ ತೆಗೆದಳು. ಬೈದು ತೆಗೆಯಲಿಲ್ಲ. ‘ಬಿಸಿಲು ಜಾಸ್ತಿ ಅಲ್ವಾ ಅಕ್ಕಾ, ಸ್ವಲ್ಪ ದಿನ ನಾನೇ ಹೋಗ್ತೀನಿ ಬಿಡಿ,’ ಎಂದಳು. ಅಕ್ಕ ‘ಹಾಗೇ ಆಗ್ಲಮ್ಮ’ ಎಂದಳು. ಹೆಂಡತಿ ಕೆಟ್ಟವಳಲ್ಲ, ಆದರೆ ಯಾವ ವಿಷಯವನ್ನೂ ಅರ್ಧಕ್ಕೆ ಬಿಡುವವಳಲ್ಲ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯನ್ನು ಹುಡುಕಿ, ಹೋಗಿ ನೋಡಿಯೂ ಬಂದಿದ್ದಳು. ತೋಟ ಇದೆ, ಹಗಲೂ ರಾತ್ರಿ ನರ್ಸ್ ಇರುತ್ತಾರೆ, ಕಿಟಕಿಗೆ ಒಳ್ಳೆ ಗಾಳಿ. ‘ನಾಳೆ ಒಲೆ ಹಚ್ಚಿಟ್ಟು ಮರೆತ್ರೆ? ಆಮೇಲೆ ತಲೆ ಮೇಲೆ ಕೈ ಹೊತ್ಕೊಂಡ್ ಕೂತ್ರೆ ಏನ್ ಬಂತು? ಡಾಕ್ಟರ್ ಏನ್ ಹೇಳ್ತಾರೋ ಕೇಳೋಣ. ಇರಬಹುದು ಅಂದ್ರೆ ಇರ್ಲಿ. ಒಬ್ಬರೇ ಇರಬಾರದು ಅಂದ್ರೆ ಮಾತ್ರ ನೀವು ಅಡ್ಡ ಬರಬಾರದು.’ ಅವನು ತಲೆಯಾಡಿಸಿದ್ದ. ತಲೆಯಾಡಿಸುವಾಗ ಒಳಗೆಲ್ಲೋ ಒಂದು ಹಗುರವೂ ಆಗಿತ್ತು. ಅದನ್ನು ಅವನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಅವನು ಅಕ್ಕನ ಬೀದಿಗೆ ತಿರುಗುವಷ್ಟರಲ್ಲಿ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು, ಹೇಳಿದ ಹೊತ್ತಿಗೆ ಸರಿಯಾಗಿ, ಕೂದಲು ಬಾಚಿ, ಎದೆಗೆ ಚೀಲ ಅವಚಿಕೊಂಡು. ನಾಲ್ಕೈದು ದಿನಗಳಿಂದ ಹೀಗೇ ಸರಿಯಾಗಿದ್ದಾಳೆ ಎಂದು ಹೆಂಡತಿಯೂ ಹೇಳಿದ್ದಳು: ‘ಡಾಕ್ಟರ್ ಅಂದ ತಕ್ಷಣ ಹುಷಾರಾಗಿಬಿಟ್ರು ನೋಡಿ ನಿಮ್ಮಕ್ಕ.’ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಹಿಂದೆ ಬಸ್ ಹತ್ತಿದರೆ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವ ಅಭ್ಯಾಸ ಅವಳಿಗೆ. ಟೈಪಿಸ್ಟಿನ ಚಟ, ತಪ್ಪು ಅಕ್ಷರ ಕಂಡರೆ ಪೆಟ್ಟು ಬಿದ್ದವಳಂತೆ ‘ಛೇ’ ಎನ್ನುತ್ತಿದ್ದಳು. ಇವತ್ತು ಓದಲಿಲ್ಲ. ‘ಅವರು ಏನೇನು ಕೇಳ್ತಾರೆ ಮರಿ?’ ಎಂದಳು. ಐವತ್ತು ಸಮೀಪಿಸಿದರೂ ಅವಳಿಗೆ ಅವನು ಮರಿಯೇ. ‘ಏನೋ, ಇವತ್ತು ಯಾವ ವಾರ, ಯಾವ ತಿಂಗಳು, ಅಂಥದ್ದು.’ ‘ಗಂಟೆ ಕೇಳ್ತಾರಾ?’ ‘ಕೇಳಬಹುದು.’ ‘ಕೇಳ್ಲಿ ಬಿಡು,’ ಎಂದಳು. ಆ ದನಿಯಲ್ಲಿ ಒಂದು ಪುಟ್ಟ ಧೈರ್ಯವಿತ್ತು, ಪರೀಕ್ಷೆಗೆ ಬರುವ ಪ್ರಶ್ನೆಯನ್ನೇ ಓದಿಕೊಂಡವರ ಧೈರ್ಯ. ಅದು ಯಾಕೆಂದು ಅವನು ಯೋಚಿಸಲಿಲ್ಲ. ಅವನು ಹೊರಗೆ ಹಿಂದಕ್ಕೋಡುತ್ತಿದ್ದ ನಿಲ್ದಾಣಗಳ ಫಲಕಗಳನ್ನು ನೋಡುತ್ತಿದ್ದ. ಕೆಂಪು ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿದ್ದವು.

ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಬೆಂಚು, ತಿಳಿ ಹಸಿರು ಗೋಡೆ, ಯಾರು ಯಾರೋ ತಲೆ ಒರಗಿಸಿ ಒರಗಿಸಿ ಗೋಡೆಯ ಮೇಲೆ ಮೂಡಿದ ಎಣ್ಣೆಯ ಕಲೆಗಳು. ಎಲ್ಲ ಕಲೆಗಳೂ ಒಂದೇ ಎತ್ತರದಲ್ಲಿದ್ದವು. ನರ್ಸ್ ಬಂದು, ತೂಕ ನೋಡಬೇಕು, ರಕ್ತದೊತ್ತಡ ನೋಡಬೇಕು ಬನ್ನಿ ಎಂದು ಅಕ್ಕನನ್ನು ಕರೆದಳು. ಅಕ್ಕ ಚೀಲವನ್ನೂ ಫೋನನ್ನೂ ಅವನ ಮಡಿಲಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಹೋದಳು. ಫೋನು ಮಡಿಲಿನಿಂದ ಜಾರಿತು, ಹಿಡಿದುಕೊಂಡ. ಬೆರಳು ತಾಗಿ ಪರದೆ ಬೆಳಗಿತು. ಕಣ್ಣು ಹೋದದ್ದು ಅಭ್ಯಾಸಬಲದಿಂದ, ನೋಡಬೇಕೆಂದು ನೋಡಿದ್ದಲ್ಲ. ಪರದೆಯ ಮೇಲೆ ಹನ್ನೆರಡು ಗಂಟೆ ದಾಟಿತ್ತು. ಅವನ ಕೈಗಡಿಯಾರದಲ್ಲಿ ಹನ್ನೊಂದು ದಾಟಿತ್ತು.

ತಿಳಿದುಕೊಳ್ಳಲು ಅವನಿಗೆ ಹೊತ್ತೇ ಬೇಕಾಗಲಿಲ್ಲ, ಅದೇ ಅವನ ಶಾಪ. ಸರ್ಕಾರದ ಘೋಷಣೆ ಬಂದ ಮೇಲಿನ ಭಾನುವಾರ ಅಕ್ಕ ಊಟಕ್ಕೆ ಬಂದಿದ್ದಾಗ ಅವನೇ ಈ ಫೋನು ಇಸಿದುಕೊಂಡಿದ್ದ. ಹಳೆಯ ಫೋನು, ಅದನ್ನು ಮಾಡಿದ ಕಂಪನಿಯವರು ಯಾವತ್ತೋ ಕೈ ತೊಳೆದುಕೊಂಡದ್ದು, ಹೊಸ ನಿಯಮ ಇದಕ್ಕೆ ಬರುವುದಿಲ್ಲ, ತಾನೇ ತಾನಾಗಿ ಒಂದು ಗಂಟೆ ಮುಂದೆ ನೆಗೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ‘ಕೊಡು ಅಕ್ಕ, ಸರಿ ಮಾಡ್ಕೊಡ್ತೀನಿ.’ ಊರು ಬದಲಾಯಿಸುವ ಜಾಗಕ್ಕೆ ಹೋಗಿ, ನಮ್ಮಷ್ಟೇ ಗಂಟೆ ತೋರಿಸುತ್ತಿದ್ದ, ನಾಲಿಗೆ ತೊಡರುವ ಹೆಸರಿನ ದೂರದ ಊರೊಂದನ್ನು ಒತ್ತಿದ್ದ. ಕನ್ನಡಕ ಹತ್ತಿರವಿರಲಿಲ್ಲ, ಹೆಂಡತಿ ಊಟಕ್ಕೆ ಕರೆಯುತ್ತಿದ್ದಳು, ಪಟ್ಟಿಯಲ್ಲಿ ಮೊದಲು ಕಂಡದ್ದು ಅದು. ಆ ಊರಿನ ಗಡಿಯಾರ ಕದಲುತ್ತದೆಯೋ ಇಲ್ಲವೋ ಎಂದು ನೋಡಿರಲಿಲ್ಲ. ಕಚೇರಿಯ ಮುದುಕ ಯಂತ್ರಗಳಿಗೆ ಊರು ಹುಡುಕುವಾಗ ನೂರು ಸಲ ನೋಡಿದ್ದ. ಅಕ್ಕನ ಫೋನಿಗೆ ಒಂದು ಸಲವೂ ಇಲ್ಲ. ಆ ಊರಿನ ಜನ ತಮ್ಮ ಕಾನೂನಿನ ಪ್ರಕಾರ, ತಮಗೆ ಬೇಕಾದ ದಿನ, ತಮ್ಮ ಗಡಿಯಾರವನ್ನು ಮುಂದೆ ತಳ್ಳಿಕೊಂಡಿದ್ದರು. ಅವರ ಜೊತೆ ಅಕ್ಕನೂ ಹೋಗಿದ್ದಳು. ಈ ಕೆಲವು ವಾರ ಅವಳು ಇಲ್ಲಿ ಇರಲೇ ಇಲ್ಲ. ಕಾಣದ ಊರಿನ ಬೆಳಗಿಗೆ ಎದ್ದು, ಆ ಊರಿನ ಹಸಿವಿಗೆ ಅನ್ನ ಮಾಡಿ, ಆ ಊರಿನ ಶಾಲೆ ಬಿಡುವ ಹೊತ್ತಿಗೆ ಈ ಊರಿನ ಗೇಟಿನ ಮುಂದೆ ನಿಂತಿದ್ದಳು. ಯಾವುದೇ ಟಿಕೆಟ್ ಕಿಟಕಿಯಿಂದ ದೂರು ಬಂದರೂ ಅವನ ಮೊದಲ ಪ್ರಶ್ನೆ ಒಂದೇ: ನಿಮ್ಮ ಪರದೆ ಮೇಲೆ ಏನು ಕಾಣ್ತಿದೆ? ಸೋಂಬೇರಿ ಗುಮಾಸ್ತನಿಗೂ ಆ ಪ್ರಶ್ನೆಯ ಮರ್ಯಾದೆ ಕೊಡುತ್ತಿದ್ದ. ಕತ್ತಲಲ್ಲಿ ಬಾಗಿಲು ತಟ್ಟಿದ ಅಕ್ಕನನ್ನು ಮಾತ್ರ ಕೇಳಿರಲಿಲ್ಲ. ‘ಇನ್ನೂ ಬೆಳಗಾಗಿಲ್ಲ ಅಕ್ಕ, ಹೋಗಿ ಮಲ್ಕೋ,’ ಎಂದು ಬಾಗಿಲು ಹಾಕಿಕೊಂಡಿದ್ದ.

ಎದ್ದು ಹೋಗಿ ಹೇಳಬೇಕು ಅನ್ನಿಸಿತು. ಈಗಲೇ, ತೂಕದ ಯಂತ್ರದ ಮೇಲೆ ನಿಂತಿರುವ ಅಕ್ಕನಿಗೆ, ನರ್ಸಿಗೆ, ಒಳಗಿರುವ ಡಾಕ್ಟರಿಗೆ, ಮನೆಗೆ ಫೋನ್ ಮಾಡಿ ಹೆಂಡತಿಗೆ. ಹೇಳುವ ಮಾತು ಬಾಯಿಗೆ ಬಂದಿತ್ತು. ಅದರ ಬೆನ್ನಿಗೇ ಬೆಳಗಿನ ಮೇಲಧಿಕಾರಿಯ ಮುಖವೂ ಬಂತು, ‘ಒಂದೇ ಒಂದು ದೂರು ಬಂದಿಲ್ಲ,’ ಹೆಂಡತಿಯ ಮುಖವೂ ಬಂತು. ಅವಳು ಬೈಯುವುದಿಲ್ಲ, ನಗುತ್ತಾಳೆ. ನಿಮ್ಮ ಕೆಲಸವೇ ಇದಲ್ಲವೇನ್ರೀ ಎನ್ನುತ್ತಾಳೆ, ಆಮೇಲೆ ಬಂದವರಿಗೆಲ್ಲ ಹೇಳಿ ಹೇಳಿ ನಗುತ್ತಾಳೆ. ಇಷ್ಟೆಲ್ಲ ಮನಸ್ಸು ಲೆಕ್ಕ ಹಾಕುತ್ತಿರುವಾಗಲೇ ಬೆರಳು ತನ್ನ ಕೆಲಸಕ್ಕೆ ತೊಡಗಿತ್ತು. ಸದ್ದಿಲ್ಲದೆ ಸರಿಪಡಿಸುವುದು ಅವನ ಕಸುಬು. ಕೆಟ್ಟಿತ್ತೆಂದು ಯಾರಿಗೂ ತಿಳಿಯುವ ಮೊದಲೇ ಸರಿಯಾಗಿರಬೇಕು, ಅದರಲ್ಲೇ ಅವನ ಹೆಗ್ಗಳಿಕೆ. ಊರು ಬದಲಾಯಿತು, ಈ ಸಲ ಯಾವ ಕಾಲಕ್ಕೂ ಕದಲದ ಊರು. ಹನ್ನೆರಡು ಹೋಗಿ ಹನ್ನೊಂದು ಬಂತು. ಫೋನನ್ನು ಅಂಗಿಗೆ ಒರೆಸಿ ಚೀಲದ ಮೇಲಿಟ್ಟ. ನಾಳೆಯಿಂದ ಅಕ್ಕ ತಾನಾಗಿಯೇ ಸರಿಹೋಗುತ್ತಾಳೆ, ಎಲ್ಲರೂ ಮರೆಯುತ್ತಾರೆ, ಯಾರ ಮನಸ್ಸಿಗೂ ನೋವಿಲ್ಲ. ಹೀಗಂದುಕೊಂಡ ಮೇಲೆ ಅವನಿಗೆ ನಿಜವಾಗಿಯೂ ಸಮಾಧಾನವಾಯಿತು.

ಡಾಕ್ಟರು ಅವನಿಗಿಂತ ಚಿಕ್ಕವಳು, ನಿಧಾನದ ದನಿಯವಳು. ಅವನನ್ನೂ ಒಳಗೆ ಕೂರಿಸಿಕೊಂಡಳು. ಮಾತಾಡಬೇಡಿ, ಸುಮ್ಮನೆ ಇರಿ ಸಾಕು ಅಂದಳು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಒಂದೊಂದಕ್ಕೂ ಉತ್ತರ ಕೊಟ್ಟಳು. ವಾರ ಸರಿ, ತಿಂಗಳು ಸರಿ. ನೆನಪಿಟ್ಟುಕೊಳ್ಳಿ ಎಂದ ಪದಗಳನ್ನು ಹೇಳಿದ ಕ್ರಮದಲ್ಲೇ ಒಪ್ಪಿಸಿದಳು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ ಡಾಕ್ಟರೇ ಸಾಕು ಅನ್ನುವವರೆಗೂ ಹೋದಳು. ಅವನ ಬೆನ್ನು ಕುರ್ಚಿಗೆ ಒರಗಿತು. ಕೊನೆಗೆ ಡಾಕ್ಟರು, ‘ಈಗ ಗಂಟೆ ಎಷ್ಟು ಹೇಳಿ? ಫೋನ್ ನೋಡ್ಕೊಂಡೇ ಹೇಳಿ, ಪರವಾಗಿಲ್ಲ,’ ಎಂದಳು. ಅಕ್ಕ ಚೀಲದಿಂದ ಫೋನು ತೆಗೆದಳು. ನೋಡಿದಳು. ಅವಳ ತುಟಿ ಸಣ್ಣಗೆ ಅಲುಗಿತು. ‘ಹತ್ತೂವರೆ,’ ಎಂದಳು. ಹೇಳಿ ಅವನ ಕಡೆ ತಿರುಗಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದಳು. ಡಾಕ್ಟರು ಮೆಲ್ಲಗೆ, ‘ಇನ್ನೊಂದ್ಸಲ ನೋಡಿ ಅಮ್ಮಾ, ಅವಸರ ಇಲ್ಲ,’ ಎಂದಳು. ಅಕ್ಕ ಈ ಸಲ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಇನ್ನೂ ಹೆಚ್ಚು ಹೊತ್ತು ನೋಡಿದಳು. ‘ಹತ್ತೂವರೆನೇ ಡಾಕ್ಟ್ರೇ. ಮೇಲೊಂದು ನಿಮಿಷ ಆಗಿರಬಹುದು.’ ಡಾಕ್ಟರು ಬಗ್ಗಿ ಆ ಪರದೆ ನೋಡಿದಳು, ಅವನನ್ನು ನೋಡಿದಳು. ಆ ನೋಟದಲ್ಲಿದ್ದ ಮರುಕವನ್ನು ಅವನು ಕಣ್ಣು ತಗ್ಗಿಸಿ ತೆಗೆದುಕೊಂಡ. ಪರದೆಯ ಮೇಲೆ ಹನ್ನೊಂದೂವರೆ ಇತ್ತು; ಅಕ್ಕ ಯಾಕೆ ಹಾಗೆ ಹೇಳಿದಳೆಂದು ಅವನಿಗೆ ಅರ್ಥವಾಗಲಿಲ್ಲ. ಹಾಗಾದರೆ ನಿಜವಾಗಿಯೂ ಕಾಯಿಲೆಯೇ ಇದೆಯೇ? ತಪ್ಪು ತನ್ನದಲ್ಲವೇ? ಆ ಯೋಚನೆಯ ಹಿಂದೆ ಮತ್ತೆ ಆ ಹಗುರ ಹಣಕಿ ಹಾಕಿದಾಗ ಅವನಿಗೆ ತಾನೇ ಬೇಡವಾದ.

ಒಬ್ಬರೇ ಇರುವುದು ಇನ್ನು ಬೇಡ ಎಂದಳು ಡಾಕ್ಟರು, ಅಕ್ಕನಿಗೆ ಹೇಳುವ ಹಾಗೆ ಅವನಿಗೆ. ಒಲೆ ಮುಟ್ಟುವುದು ಬೇಡ. ಇನ್ನೂ ಕೆಲವು ಪರೀಕ್ಷೆ ಮಾಡಿಸೋಣ, ಮಿಕ್ಕೆಲ್ಲ ಚೆನ್ನಾಗಿದೆ, ಆದರೆ ಕಣ್ಣೆದುರಿಗಿರುವ ಅಂಕಿ ಹೀಗೆ ಬೇರೆಯಾಗಿ ಕಾಣುವುದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ಬೆಂಚಿನ ಮೇಲೆ ಕೂತಳು. ಬಿಳಿಚಿಕೊಂಡಿದ್ದಳು. ‘ಎಲ್ಲಿ ತಪ್ಪಿತು ಮರಿ?’ ಎಂದಳು. ‘ಗಂಟೆ,’ ಎಂದ ಅವನು. ‘ಹನ್ನೊಂದೂವರೆ ಇತ್ತು ಅಕ್ಕ. ನೀನು ಹತ್ತೂವರೆ ಅಂದೆ.’ ಅವಳು ನಂಬಲಿಲ್ಲ, ಫೋನು ತೆಗೆದು ನೋಡಿದಳು, ಮತ್ತೆ ತುಟಿ ಅಲುಗಿತು. ಆಮೇಲೆ ಸುತ್ತ ಯಾರಾದರೂ ಕೇಳಿಸಿಕೊಂಡಾರೆಂದು ನೋಡಿ, ದನಿ ತಗ್ಗಿಸಿ, ‘ನಿನಗೆ ಹೇಳ್ಬಿಡ್ತೀನಿ. ನಿನ್ನ ಹೆಂಡ್ತಿಗೆ ಹೇಳ್ಬೇಡ,’ ಎಂದಳು. ‘ನನಗೆ ಫೋನಲ್ಲಿ ಒಂದು ಗಂಟೆ ಜಾಸ್ತಿ ಕಾಣುತ್ತೆ. ಎಷ್ಟೋ ದಿನದಿಂದ. ಮೊದಲು ಎಲ್ರ ಮೇಲೂ ರೇಗ್ತಿದ್ದೆ. ಆಮೇಲೆ ಒಂದಿನ ಬ್ಯಾಂಕಲ್ಲಿ ಕೂತು ಗೋಡೆ ಗಡಿಯಾರ ನೋಡ್ದೆ, ಫೋನ್ ನೋಡ್ದೆ. ಬೇರೆ ಬೇರೆ ಕಾಣ್ತು. ಬ್ಯಾಂಕಿನ ಗಡಿಯಾರ ತಪ್ಪಿರಲ್ಲ, ಅಷ್ಟು ಜನ ನೋಡ್ತಾರೆ. ಫೋನ್ ಅಂತೂ ನೀನೇ ಸರಿ ಮಾಡಿಕೊಟ್ಟಿದ್ದು. ಉಳಿದಿದ್ದು ನಾನೇ ಅಲ್ವಾ? ಅವತ್ತು ಅಲ್ಲೇ ಕೂತು ಅತ್ಬಿಟ್ಟೆ ಕಣೋ. ಆಮೇಲೆ ಒಂದು ಉಪಾಯ ಹೊಳೀತು. ಫೋನ್ ನೋಡಿದ್ ತಕ್ಷಣ ಮನಸ್ಸಲ್ಲೇ ಒಂದು ಕಳೀತೀನಿ. ಐದು ದಿನ ಆಯ್ತು, ಒಂದ್ಸಲಾನೂ ತಪ್ಪಿಲ್ಲ. ಇವತ್ತೇ ಯಾಕೆ ಹೀಗಾಯ್ತು?’

ಕಾಲ ಕೆಳಗಿನ ನೆಲ ಕುಸಿಯುವುದು ಎಂದು ಅವನು ಓದಿದ್ದ. ಹಾಗೇನೂ ಆಗಲಿಲ್ಲ. ನೆಲ ಗಟ್ಟಿಯಾಗಿಯೇ ಇತ್ತು, ಬೆಂಚು ಗಟ್ಟಿಯಾಗಿಯೇ ಇತ್ತು, ಎದುರಿನ ಗೋಡೆಯ ಮೇಲೆ ತಲೆಗಳ ಕಲೆಗಳು ಸಾಲಾಗಿ ಇದ್ದವು. ಅವನು ಸರಿ ಮಾಡಿದ್ದನ್ನು ನಂಬಿದ್ದಕ್ಕೆ ಅವಳು ತನ್ನನ್ನೇ ತಪ್ಪು ಮಾಡಿಕೊಂಡಿದ್ದಳು. ಆಮೇಲೆ ಒಬ್ಬಳೇ ಅಳುತ್ತಾ ಆ ತಪ್ಪನ್ನೂ ಸರಿ ಮಾಡಿಕೊಂಡಿದ್ದಳು. ಅದನ್ನು ಅವನು ಬೆರಳ ತುದಿಯಿಂದ ಮತ್ತೊಂದು ಸಲ ಕೆಡಿಸಿದ್ದ. ಅವನು ಎದ್ದು ನೇರ ಹೋಗಿ ಡಾಕ್ಟರ ಬಾಗಿಲು ತಳ್ಳಿದ. ಒಳಗೆ ಬೇರೆ ಯಾರೋ ಮುದುಕ ಕೂತಿದ್ದ. ನಿಂತಲ್ಲೇ, ಊರು, ಕಾನೂನು, ತಾನು ಒತ್ತಿದ ಹೆಸರು, ಅಕ್ಕ ಕಳೆಯುವ ಒಂದು ಗಂಟೆ, ಎಲ್ಲ ಹೇಳಿದ. ಡಾಕ್ಟರು ಮಧ್ಯೆ ತಡೆಯದೆ ಕೇಳಿಸಿಕೊಂಡಳು. ‘ನೋಡಿ,’ ಎಂದಳು ಕೊನೆಗೆ, ‘ಮನೆಯವರು ಯಾರೂ ಒಂದೇ ಸಲಕ್ಕೆ ಒಪ್ಪಲ್ಲ. ಒಬ್ಬರು ಕನ್ನಡಕ ಸರಿ ಇಲ್ಲ ಅಂತಾರೆ, ಒಬ್ಬರು ರಾತ್ರಿ ನಿದ್ದೆ ಇಲ್ಲ ಅಂತಾರೆ. ನೀವು ಫೋನ್ ಅಂತಿದೀರಿ. ಆದರೆ ಫೋನ್ ಸರಿ ಇತ್ತಲ್ಲ? ನಾನೂ ನೋಡ್ದೆ, ನೀವೂ ನೋಡಿದ್ರಿ.’ ‘ಅದು ನಾನು ಆಗಷ್ಟೇ ಸರಿ ಮಾಡಿದ್ದು.’ ‘ಯಾಕೆ ಆಗಲೇ ಹೇಳ್ಲಿಲ್ಲ?’ ಅವನ ಕೈ ತಾನಾಗಿಯೇ ದವಡೆಗೆ ಹೋಯಿತು. ಅವಳು ಅದನ್ನು ತನಗೆ ತಿಳಿದ ಹಾಗೆ ಓದಿಕೊಂಡಳು. ‘ಎದುರಿಗೆ ಸರಿಯಾದ ಗಂಟೆ ಇದ್ದರೂ ತನ್ನ ಕಣ್ಣನ್ನೇ ನಂಬದೆ ಕಳೀತಾರೆ ಅಂತ ನೀವೇ ಹೇಳ್ತಿದೀರಲ್ಲ, ಅದನ್ನೂ ಬರ್ಕೋತೀನಿ. ಮುಂದಿನ ಪರೀಕ್ಷೆ ಆಗ್ಲಿ, ನೋಡೋಣ.’ ಮುದುಕ ಇವರಿಬ್ಬರನ್ನೂ ನೋಡಿ, ಯಾಕೋ ಅವನಿಗೆ ಕೈ ಮುಗಿದ.

ಬಸ್ ನಿಲ್ದಾಣದಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಫಲಕದಲ್ಲಿ ಅವನು ಉಣಿಸಿದ ಕೆಂಪು ಅಂಕಿಗಳು ಹನ್ನೆರಡು ತೋರಿಸುತ್ತಿದ್ದವು. ಅವರ ಬಸ್ಸು ಇನ್ನೇನು ಬರಲಿದೆ ಎಂದು ಕೆಳಗಿನ ಸಾಲು ಹೇಳುತ್ತಿತ್ತು. ಅಕ್ಕ ಫಲಕದ ಕಡೆ ನೋಡಲಿಲ್ಲ. ಬೆಂಚಿನಲ್ಲಿ ಅವನ ಪಕ್ಕ ಕೂತು ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ‘ಅಕ್ಕ,’ ಎಂದ ಅವನು, ‘ನಿನ್ನ ತಲೆ ಸರಿಯಾಗೇ ಇದೆ. ಕಣ್ಣೂ ಸರಿಯಾಗೇ ಇದೆ. ತಪ್ಪು ಮಾಡಿದ್ದು ನಾನು. ಆ ಭಾನುವಾರ ಫೋನಿಗೆ ತಪ್ಪು ಊರು ಹಾಕ್ಬಿಟ್ಟೆ. ಅದು ನಿಜವಾಗ್ಲೂ ಒಂದು ಗಂಟೆ ಜಾಸ್ತಿನೇ ತೋರಿಸ್ತಿತ್ತು.’ ಎಷ್ಟು ಸುಲಭವಿತ್ತು. ಬೆಂಚಿನ ಮೇಲೆ ಕೂತು, ಯಾರೂ ನಗದೆ, ನಾಲ್ಕು ವಾಕ್ಯ. ಅಕ್ಕ ಅವನ ಮುಖವನ್ನೇ ನೋಡಿದಳು. ಅವಳ ಮುಖ ಮೆತ್ತಗಾಯಿತು, ಕಣ್ಣು ತುಂಬಿತು, ಒಪ್ಪಿದಳು ಅಂದುಕೊಂಡ. ಅವಳು ಅವನ ತಲೆ ನೇವರಿಸಿದಳು.

‘ನೀನು ಚಿಕ್ಕೋನಿದ್ದಾಗಿಂದ್ಲೂ ಹೀಗೇ. ನಾನು ಹಾಲು ಚೆಲ್ಲಿದ್ರೆ ಬೆಕ್ಕು ಬಂದಿತ್ತು ಅಂತಿದ್ದೆ ನೀನು.’

‘ಇಲ್ಲ ಅಕ್ಕ, ಇದು ನಿಜ. ಇಲ್ಲಿ ನೋಡು, ತೋರಿಸ್ತೀನಿ.’ ಅವನು ಅವಳ ಫೋನು ತೆಗೆದುಕೊಂಡು ಊರುಗಳ ಪಟ್ಟಿ ತೆರೆದ. ಆ ನಾಲಿಗೆ ತೊಡರುವ ಹೆಸರನ್ನು ಒತ್ತಿದ. ಗಂಟೆ ಒಂದು ಹೆಜ್ಜೆ ಮುಂದೆ ಹಾರಿತು. ಬೆಳಿಗ್ಗೆ ಹಾಕಿದ್ದ ಕದಲದ ಊರನ್ನು ಒತ್ತಿದ, ಹಿಂದೆ ಬಂತು. ‘ಗೊತ್ತಾಯ್ತಾ? ಇದೇ ಆಗಿದ್ದು.’ ಮತ್ತೆ ಮುಂದೆ, ಮತ್ತೆ ಹಿಂದೆ. ಅಕ್ಕ ಅವನ ಬೆರಳನ್ನು ನೋಡುತ್ತಿದ್ದಳು, ಪರದೆಯನ್ನಲ್ಲ. ಮಕ್ಕಳ ಕೈಚಳಕ ನೋಡುವ ದೊಡ್ಡವರ ಹಾಗೆ, ಮೆಚ್ಚುಗೆಯಿಂದ. ‘ನಿನಗೆ ಬರಲ್ವಾ ಮತ್ತೆ,’ ಎಂದಳು. ‘ನೀನು ಮನಸ್ಸು ಮಾಡಿದ್ರೆ ಊರಿನ ಗಡಿಯಾರನೆಲ್ಲ ಹಿಂದೆ ಮುಂದೆ ಮಾಡ್ತೀಯ. ನನ್ನ ಸಮಾಧಾನಕ್ಕೆ ಇದೊಂದು ದೊಡ್ಡದಾ? ಸಾಕು ಬಿಡು ಮರಿ. ಡಾಕ್ಟ್ರೂ ಬಗ್ಗಿ ನೋಡಿದ್ರಲ್ಲ, ಫೋನ್ ಸರಿಯಾಗೇ ಇತ್ತಲ್ಲ. ನಿನ್ನ ಕೆಲಸ ತಪ್ಪು ಅಂತ ನನ್ನ ಎದುರಿಗೆ ನೀನೇ ಹೇಳ್ಬೇಡ, ನನಗೆ ಸಹಿಸೋಕೆ ಆಗಲ್ಲ.’ ಫೋನನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ‘ಅವಳು ಯಾವುದೋ ಮನೆ ನೋಡಿದಾಳಂತಲ್ಲ, ತೋಟ ಇದೆಯಂತೆ. ಮೊನ್ನೆ ಮಗು ಬಾಯಿ ತಪ್ಪಿ ಹೇಳ್ತು. ನಾನು ಹೋಗ್ತೀನಿ. ನೀನು ಇಬ್ಬರ ಮಧ್ಯೆ ಸಿಕ್ಕಿಹಾಕ್ಕೋಬೇಡ.’

ಬೀದಿಯ ತುದಿಯಲ್ಲಿ ಅವರ ಬಸ್ಸು ತಿರುಗಿತು, ಹೇಳಿದ ನಿಮಿಷಕ್ಕೆ ಸರಿಯಾಗಿ. ಅವನು ಏಳಲು ಹೊರಟ. ಅಕ್ಕ ಪರದೆ ನೋಡಿ, ತುಟಿ ಅಲುಗಿಸಿ, ಅವನ ಮೊಣಕೈ ಹಿಡಿದು ಕೂರಿಸಿದಳು.

‘ಅದು ನಮ್ಮದಲ್ಲ, ಕೂತ್ಕೋ. ಇನ್ನೂ ಹನ್ನೊಂದು. ನಮ್ಮ ಹನ್ನೆರಡರ ಬಸ್ಸಿಗೆ ಬೇಕಾದಷ್ಟು ಹೊತ್ತಿದೆ.’

ಬಸ್ಸು ನಿಂತಿತು. ಬಾಗಿಲು ತೆರೆಯಿತು. ಚಾಲಕ ಇವರ ಕಡೆ ನೋಡಿ ಸ್ವಲ್ಪ ಕಾದ. ಅಕ್ಕ ಅವನಿಗೆ, ಹೋಗಪ್ಪ ನೀನು, ಎಂದು ಕೈ ಮಾಡಿದಳು. ಬಾಗಿಲು ಮುಚ್ಚಿಕೊಂಡಿತು. ಅವನು ಅಕ್ಕನ ಪಕ್ಕದಲ್ಲಿ ಕೂತೇ ಇದ್ದ.